ಪಹಣಿಯ ಎಕರೆ-ಗುಂಟೆ-ಆಣೆಯನ್ನು ಹೆಕ್ಟೇರ್‌ಗೆ ಬದಲಿಸುವುದು ಹೇಗೆ?

ಪ್ರಶ್ನೆ: ತುಮಕೂರು ಕಡೆಯ ಜಮೀನು. ಪಹಣಿಯಲ್ಲಿ 2.15.08 ಅಂತಿದೆ. ಸಾಲದ ಅರ್ಜಿಗೆ ಹೆಕ್ಟೇರ್ ಬೇಕು. ಒಬ್ಬರ ಲೆಕ್ಕದಲ್ಲಿ 0.87 ಬರುತ್ತೆ, ಇನ್ನೊಬ್ಬರದ್ದರಲ್ಲಿ 0.966. ಯಾವುದು ಸರಿ?

ಉತ್ತರ 1: 0.966 ಸರಿ. ಆ ಚುಕ್ಕೆ ದಶಮಾಂಶದ್ದಲ್ಲ ಸರ್; 2 ಎಕರೆ, 15 ಗುಂಟೆ, 8 ಆಣೆ ಅಂತ ಓದಬೇಕು. ಎಕರೆಗೆ 40 ಗುಂಟೆ, ಗುಂಟೆಗೆ 16 ಆಣೆ. ಮೊದಲು ಎಲ್ಲವನ್ನೂ ಗುಂಟೆಗೆ ತನ್ನಿ: 80 + 15 + 0.5 = 95.5. ಗುಂಟೆ ಅಂದರೆ 33 ಅಡಿ ಚೌಕ, 1089 ಚದರಡಿ, 101.17 ಚ.ಮೀ. ಗುಣಿಸಿದರೆ ಸುಮಾರು 9662 ಚ.ಮೀ. 10,000ದಿಂದ ಭಾಗಿಸಿ, 0.9662 ಹೆಕ್ಟೇರ್. 2.15 ಎಕರೆ ಅಂತ ಹಿಡಿದರೆ 86 ಗುಂಟೆ ಅಷ್ಟೇ. ಒಂಬತ್ತೂವರೆ ಗುಂಟೆ ಗಾಳಿಗೆ ಹೋಯ್ತು!

ಉತ್ತರ 2: ಎಕ್ಸೆಲ್‌ನಲ್ಲಿ ಎಕರೆ, ಗುಂಟೆ, ಆಣೆಗೆ ಬೇರೆ ಬೇರೆ ಕಾಲಂ ಇಡಿ. ಒಂದೇ ಕಡೆ 2.10 ಅಂತ ಹೊಡೆದರೆ ಕೊನೆಯ ಸೊನ್ನೆ ಹಾರಿ 2.1 ಆಗುತ್ತೆ. ಆಮೇಲೆ ಅದು 1 ಗುಂಟೆಯೋ 10 ಗುಂಟೆಯೋ, ದೇವರೇ ಬಲ್ಲ.

ಉತ್ತರ 3: ಮಂಗಳೂರು ಕಡೆಯವರು ಇದನ್ನು ಹಾಗೇ ಅನುಸರಿಸಬೇಡಿ. ಅಲ್ಲಿ ಸೆಂಟ್ಸ್ ಲೆಕ್ಕ, ಎಕರೆಗೆ 100. ಹಾಗಾಗಿ 0.25 ಅಂದರೆ 25 ಸೆಂಟ್ಸ್, ಅಂದರೆ 10 ಗುಂಟೆ. ಸುಮಾರು 1012 ಚ.ಮೀ. ಒಂದು ಸೆಂಟ್ 435.6 ಚದರಡಿ.

ಉತ್ತರ 4: ಅರ್ಜಿಯಲ್ಲಿ ಸಾಗುವಳಿ ವಿಸ್ತೀರ್ಣ ಕೇಳಿದ್ದರೆ ಖರಾಬು (ಸಾಗುವಳಿಗೆ ಬಾರದ ಭಾಗ) ಕಳೆದು ಉಳಿದದ್ದನ್ನು ಬದಲಿಸಿ, ಒಟ್ಟು ವಿಸ್ತೀರ್ಣವನ್ನಲ್ಲ. ಕಳೆಯುವಾಗಲೂ ಗುಂಟೆಯಲ್ಲೇ ಕಳೆಯಿರಿ. ರೌಂಡ್ ಮಾಡೋದು ಕೊನೆಗೆ ಒಮ್ಮೆ ಮಾತ್ರ.