ಲಿಫ್ಟ್ ಲೆಕ್ಕದಲ್ಲಿ ಯಾವ ಬಲ ಹಾಕಬೇಕು, ಯಾವುದು ಬಿಡಬೇಕು?

ಫಸ್ಟ್_ಪಿಯು_ಸೈನ್ಸ್:
ಹತ್ತನೇ ಕ್ಲಾಸ್‌ವರೆಗೆ ಕನ್ನಡ ಮೀಡಿಯಂ, ಈಗ ಪಿಯುಸಿ ಸೈನ್ಸ್. ಗುರುತ್ವ ಬಲ, ನಾರ್ಮಲ್ ಬಲ (ಮೇಲ್ಮೈ ಲಂಬವಾಗಿ ಒತ್ತುವ ಬಲ), ಟೆನ್ಷನ್ (ಹಗ್ಗದ ಎಳೆತ), ಘರ್ಷಣೆ, ಸ್ಪ್ರಿಂಗ್ ಬಲ ಇವನ್ನೆಲ್ಲ ಒಂದೊಂದಾಗಿ ಕೇಳಿದರೆ ಹೇಳುತ್ತೇನೆ. ಲೆಕ್ಕ ಕೊಟ್ಟರೆ ಮಾತ್ರ ಎಲ್ಲಿ ಯಾವುದನ್ನು ಹಾಕಬೇಕು ಅಂತ ತಲೆ ಕೆಡುತ್ತದೆ.

ಈ ಲೆಕ್ಕ ನೋಡಿ. 60 ಕೆಜಿಯ ಮನುಷ್ಯ ಲಿಫ್ಟ್‌ನಲ್ಲಿ ನಿಂತಿದ್ದಾನೆ. ಲಿಫ್ಟ್ 2 ಮೀ/ಸೆ² ವೇಗೋತ್ಕರ್ಷದಲ್ಲಿ ಮೇಲೆ ಹೋದರೆ, ಗುರುತ್ವ ವೇಗೋತ್ಕರ್ಷ 10 ಅಂತ ಹಿಡಿದು, ನಾರ್ಮಲ್ ಬಲ 720 ನ್ಯೂಟನ್. ಇದು ಒಪ್ಪಿದೆ. ಒಂದೇ ವೇಗದಲ್ಲಿ ಮೇಲೆ ಹೋದರೆ 600 ಅಂತೆ, ನಿಂತಿದ್ದರೂ 600 ಅಂತೆ. ಮೇಲೆ ಹೋಗುತ್ತಿರುವಾಗ ಮೇಲ್ಮುಖ ಬಲ ಸ್ವಲ್ಪನಾದರೂ ಜಾಸ್ತಿ ಇರಬೇಕಲ್ವಾ? ಇನ್ನೊಂದು, ಹಗ್ಗದ ಟೆನ್ಷನ್ ಯಾಕೆ ಲೆಕ್ಕದಲ್ಲೇ ಇಲ್ಲ? ಲಿಫ್ಟನ್ನು ಎಳೆಯುತ್ತಿರುವುದೇ ಹಗ್ಗ ತಾನೇ?

ಸುಮ್ನೆ_ಓದುಗ:
ಇಷ್ಟೆಲ್ಲ ಯೋಚಿಸಬೇಡಿ. ಮೇಲೆ ಹೋದರೆ ಕೂಡಿಸಿ, ಕೆಳಗೆ ಬಂದರೆ ಕಳೆಯಿರಿ. ಸಿಇಟಿಗೆ ಅಷ್ಟು ಸಾಕು.

ಶಾಫ್ಟ್_ಒಳಗಿಂದ:
ಮೇಲಿನ ಸಲಹೆ ಹಿಡಿದರೆ, "ಕೆಳಗೆ ಬರುತ್ತಿರುವ ಲಿಫ್ಟ್ ನಿಲ್ಲುವಾಗ" ಅಂತ ಕೇಳಿದ ದಿನ ಕಥೆ ಮುಗೀತು. ಅಲ್ಲಿ ಲಿಫ್ಟ್ ಬರುವುದು ಕೆಳಕ್ಕೆ, ವೇಗೋತ್ಕರ್ಷ ಮೇಲಕ್ಕೆ. ನಾರ್ಮಲ್ ಬಲ ಜಾಸ್ತಿಯಾಗುತ್ತದೆ, ಕಮ್ಮಿ ಅಲ್ಲ.

ನಾನು ಬೆಂಗಳೂರಿನಲ್ಲಿ ಲಿಫ್ಟ್ ಸರ್ವಿಸ್ ಕೆಲಸದವನು, ಐಟಿಐ ಓದಿದವನು. ಪುಸ್ತಕದ ಭಾಷೆ ನನ್ನದಲ್ಲ. ಆದರೆ ನೀವು ಹೆಸರಿಸಿದ ಐದೂ ಬಲಗಳು ಒಂದೇ ಶಾಫ್ಟ್‌ನಲ್ಲಿ, ಅಂದರೆ ಲಿಫ್ಟ್ ಓಡಾಡುವ ಬಾವಿಯಲ್ಲಿ, ಸಿಗುತ್ತವೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ನಿಮ್ಮ ಮನುಷ್ಯ. ಅವನನ್ನು ಮುಟ್ಟಿರುವುದು ಏನು? ಕಾಲ ಕೆಳಗಿನ ನೆಲ, ಅಷ್ಟೇ. ಹಗ್ಗ ಕಾರನ್ನು (ಜನ ನಿಲ್ಲುವ ಪೆಟ್ಟಿಗೆಯನ್ನು) ಹಿಡಿದಿದೆ, ಅವನನ್ನು ಮುಟ್ಟಿಲ್ಲ. ಹಾಗಾಗಿ ಅವನ ಮೇಲಿನ ಬಲಗಳ ಚಿತ್ರದಲ್ಲಿ ಟೆನ್ಷನ್ ಬರುವುದಿಲ್ಲ, ಕಾರಿನ ಚಿತ್ರದಲ್ಲಿ ಬರುತ್ತದೆ. ಈ ಐದರಲ್ಲಿ ಗುರುತ್ವ ಒಂದೇ ಮುಟ್ಟದೆ ಎಳೆಯುವುದು. ಮಿಕ್ಕಿದ್ದಕ್ಕೆಲ್ಲ "ಯಾರು ಮುಟ್ಟಿದ್ದಾರೆ?" ಅಂತ ಕೇಳಿಕೊಳ್ಳಿ. ಯಾವುದರ ಚಿತ್ರ ಬರೆಯುತ್ತಿದ್ದೇನೆ ಅಂತ ಗೊತ್ತಿಲ್ಲದೆ ಬಾಣ ಎಳೆಯುವುದೇ ಎಲ್ಲ ಗಲಿಬಿಲಿಗೂ ಕಾರಣ.

ಒಂದೇ ವೇಗದ ಪ್ರಶ್ನೆಗೆ ನಿಮ್ಮ ಕಾಲೇ ಉತ್ತರ ಹೇಳುತ್ತದೆ. ಗ್ರೌಂಡ್‌ನಿಂದ ಹೊರಡುವಾಗ ಒಂದು ಕ್ಷಣ ಮೈ ಭಾರ. ಮಧ್ಯದ ಮಹಡಿ ದಾಟುವಾಗ ಏನೂ ಗೊತ್ತಾಗುವುದಿಲ್ಲ, ಕಣ್ಣು ಮುಚ್ಚಿದರೆ ನಿಂತಿದೆಯೋ ಹೋಗುತ್ತಿದೆಯೋ ತಿಳಿಯದು. ಮೇಲೆ ನಿಲ್ಲುವ ಹೊತ್ತಿಗೆ ಮೈ ಹಗುರ. ವೇಗ ಬದಲಾಗುವಾಗ ಮಾತ್ರ ಎರಡು ಬಲಗಳಲ್ಲಿ ವ್ಯತ್ಯಾಸ ಬೇಕು. ಇದ್ದ ವೇಗ ಇದ್ದ ಹಾಗೆ ಇರಲು ಹೆಚ್ಚುವರಿ ಬಲ ಬೇಕಿಲ್ಲ. ಅಂದಹಾಗೆ 2 ಮೀ/ಸೆ² ಪರೀಕ್ಷೆಗೆ ಮಾತ್ರ. ಅಪಾರ್ಟ್‌ಮೆಂಟ್ ಲಿಫ್ಟನ್ನು ಹಾಗೆ ಓಡಿಸಿದರೆ ಅಸೋಸಿಯೇಷನ್‌ನ ಅಜ್ಜಂದಿರು ನನ್ನನ್ನು ಬಿಡುವುದಿಲ್ಲ. ಸಾಮಾನ್ಯವಾಗಿ 1ಕ್ಕಿಂತ ಮೇಲೆ ಹೋಗುವುದಿಲ್ಲ.

ಈಗ ಹಗ್ಗ. ಅದರ ಒಂದು ತುದಿಗೆ ಕಾರು, ಇನ್ನೊಂದು ತುದಿಗೆ ಕೌಂಟರ್‌ವೇಟ್, ಅಂದರೆ ಸಮತೂಕದ ಭಾರ, ಇರುತ್ತದೆ. 8 ಜನರ ಲಿಫ್ಟ್ ಅಂದರೆ ತಲೆಗೆ 68 ಕೆಜಿಯಂತೆ 544 ಕೆಜಿ. ಖಾಲಿ ಕಾರು 800 ಕೆಜಿ ಇದೆ ಅನ್ನಿ. ಕೌಂಟರ್‌ವೇಟ್‌ಗೆ ಕಾರಿನ ತೂಕ ಮತ್ತು ಪೂರ್ತಿ ಲೋಡಿನ ಸುಮಾರು ಅರ್ಧ ಸೇರಿಸುತ್ತಾರೆ, ಅಂದರೆ 1072 ಕೆಜಿ. ಖಾಲಿ ಇದ್ದಾಗ ಕೌಂಟರ್‌ವೇಟ್ ಕಡೆ 272 ಕೆಜಿ ಜಾಸ್ತಿ, ತುಂಬಿದಾಗ ಕಾರಿನ ಕಡೆ 272 ಜಾಸ್ತಿ. ಮೋಟರ್ ಸಂಭಾಳಿಸಬೇಕಾದದ್ದು ಆ ವ್ಯತ್ಯಾಸವನ್ನು ಮಾತ್ರ. ಇದಕ್ಕೇ ಖಾಲಿ ಲಿಫ್ಟಿನ ಬ್ರೇಕ್ ಕೈಯಲ್ಲಿ ಬಿಟ್ಟರೆ ಅದು ಬೀಳುವುದಿಲ್ಲ, ಮೇಲಕ್ಕೆ ಹೊರಡುತ್ತದೆ! ಹೊಸ ಹುಡುಗರಿಗೆ ಮೊದಲು ಹೇಳಿಕೊಡುವುದೇ ಇದನ್ನು.

ಖಾಲಿ ಕಾರು ಸುಮ್ಮನೆ ನಿಂತಾಗ ಒಂದು ಕಡೆ ಹಗ್ಗದಲ್ಲಿ 8000 ನ್ಯೂಟನ್, ಇನ್ನೊಂದು ಕಡೆ 10720. ಒಂದೇ ಹಗ್ಗ, ಎರಡು ಟೆನ್ಷನ್. ಪುಸ್ತಕದಲ್ಲಿ ರಾಟೆಯ ಎರಡೂ ಕಡೆ ಒಂದೇ ಟೆನ್ಷನ್ ಅಂತ ಓದಿರುತ್ತೀರಿ, ಅಲ್ವಾ? ಅದು ಘರ್ಷಣೆಯೂ ತೂಕವೂ ಇಲ್ಲದ ರಾಟೆಗೆ. ನಮ್ಮ ಶೀವ್‌ಗೆ (ಮೋಟರ್ ತಿರುಗಿಸುವ ರಾಟೆಗೆ) ಹಗ್ಗವನ್ನು ಬೋಲ್ಟ್ ಹಾಕಿ ಕಟ್ಟಿಲ್ಲ, ಸುತ್ತಿಯೂ ಇಲ್ಲ. ಉಕ್ಕಿನ ಹಗ್ಗಗಳು ಅದರ ಅಂಚಿನ ತೋಡುಗಳಲ್ಲಿ ಸುಮ್ನೆ ಕೂತಿವೆ. ಆ 2720 ನ್ಯೂಟನ್ ವ್ಯತ್ಯಾಸವನ್ನು ಹಿಡಿದಿರುವುದು ಹಗ್ಗಕ್ಕೂ ತೋಡಿಗೂ ನಡುವಿನ ಘರ್ಷಣೆ. "ಘರ್ಷಣೆಯನ್ನು ಅಲಕ್ಷಿಸಿ" ಅಂತ ಲೆಕ್ಕದ ಕೊನೆಗೆ ಬರೆಯುತ್ತಾರಲ್ಲ, ಶಾಫ್ಟ್‌ನಲ್ಲಿ ಅಲಕ್ಷಿಸಿದರೆ ಶೀವ್ ತಿರುಗುತ್ತದೆ, ಕಾರು ಕೇಳುವುದಿಲ್ಲ. ತೋಡು ಸವೆದ ಶೀವ್ ನೋಡಿದವರಿಗೆ ಗೊತ್ತು. ಹಗ್ಗ ಜಾರಿದ ಕಡೆ ಲೋಹ ಕನ್ನಡಿ ಹಾಗೆ ಹೊಳೆಯುತ್ತದೆ, ಕೆಳಗೆ ಸಣ್ಣ ಉಕ್ಕಿನ ಪುಡಿ ಬಿದ್ದಿರುತ್ತದೆ.

ಸ್ಪ್ರಿಂಗ್ ಎರಡು ಕಡೆ ಇದೆ. ಕೆಳಗೆ ಪಿಟ್‌ನಲ್ಲಿ, ಕಾರು ಮಿತಿ ಮೀರಿ ಇಳಿದರೆ ತಡೆಯುವ ಬಫರ್ ಇರುತ್ತದೆ, ನಿಧಾನದ ಲಿಫ್ಟ್‌ಗಳಲ್ಲಿ ಅದು ದಪ್ಪ ಸ್ಪ್ರಿಂಗ್. ಇನ್ನೊಂದು ಬ್ರೇಕಿನಲ್ಲಿ. ಕರೆಂಟ್ ಬಂದರೆ ಬ್ರೇಕ್ ಹಿಡಿಯುತ್ತದೆ ಅಂತ ಜನ ತಿಳಿದಿದ್ದಾರೆ. ಉಲ್ಟಾ. ಹಿಡಿಯುವುದು ಸ್ಪ್ರಿಂಗ್, ಬಿಡಿಸುವುದು ಕರೆಂಟಿನ ಅಯಸ್ಕಾಂತ. ಬೆಸ್ಕಾಂ ಕೈಕೊಟ್ಟ ಕ್ಷಣ ಸ್ಪ್ರಿಂಗ್ ಒತ್ತುತ್ತದೆ, ಆ ಒತ್ತಡವೇ ಅಲ್ಲಿ ನಾರ್ಮಲ್ ಬಲ, ಅದರಿಂದ ಘರ್ಷಣೆ. ನಾರ್ಮಲ್ ಬಲ ಅಂದರೆ ಯಾವಾಗಲೂ ತೂಕ ಅಂತ ಬರೆಯುವವರು ಇದನ್ನೊಮ್ಮೆ ನೋಡಬೇಕು. ಬ್ರೇಕ್ ಶೂ ಪಕ್ಕದಿಂದ ಒತ್ತುತ್ತದೆ, ಗುರುತ್ವಕ್ಕೂ ಅದಕ್ಕೂ ಸಂಬಂಧವೇ ಇಲ್ಲ.

ಮೇಷ್ಟ್ರು_ನಿವೃತ್ತ:
ಶಾಫ್ಟ್‌ನವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ತೂಕ ಮತ್ತು ನಾರ್ಮಲ್ ಬಲ ನ್ಯೂಟನ್‌ನ ಮೂರನೇ ನಿಯಮದ ಜೋಡಿ ಅಂತ ಬಹಳ ಮಕ್ಕಳು ಬರೆಯುತ್ತಾರೆ. ಅಲ್ಲ. ಜೋಡಿಯಾಗಿದ್ದರೆ ಯಾವಾಗಲೂ ಸಮ ಇರಬೇಕಿತ್ತು. ನಿಮ್ಮ ಲೆಕ್ಕದಲ್ಲೇ 720 ಮತ್ತು 600 ಇದೆ. ನೆಲ ನಿಮ್ಮನ್ನು 720ರಲ್ಲಿ ಒತ್ತಿದರೆ ನೀವು ನೆಲವನ್ನು 720ರಲ್ಲಿ ಒತ್ತುತ್ತೀರಿ, ಅದು ಜೋಡಿ. ಭೂಮಿ ನಿಮ್ಮನ್ನು 600ರಲ್ಲಿ ಎಳೆದರೆ ನೀವು ಭೂಮಿಯನ್ನು 600ರಲ್ಲಿ ಎಳೆಯುತ್ತೀರಿ, ಇದು ಇನ್ನೊಂದು ಜೋಡಿ. ಜೋಡಿಯ ಎರಡು ಬಾಣಗಳು ಒಂದೇ ವಸ್ತುವಿನ ಚಿತ್ರದಲ್ಲಿ ಬರಲೇಬಾರದು.

ಫೋನಿನಲ್ಲಿ ಫೈಫಾಕ್ಸ್ ಅನ್ನುವ ಉಚಿತ ಆ್ಯಪ್ ಇದೆ, ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದವರದು. ಫೋನನ್ನು ಲಿಫ್ಟಿನ ನೆಲದ ಮೇಲಿಟ್ಟು ವೇಗೋತ್ಕರ್ಷದ ಗ್ರಾಫ್ ನೋಡಿ. ಮೇಲೆ ಹೋಗುವಾಗ ಹೊರಟಲ್ಲಿ ಒಂದು ಗುಡ್ಡ, ನಿಲ್ಲುವಲ್ಲಿ ಒಂದು ಗುಂಡಿ, ನಡುವೆ ಸಪಾಟು.

ಫಸ್ಟ್_ಪಿಯು_ಸೈನ್ಸ್:
ಥ್ಯಾಂಕ್ಸ್ ಸರ್, ಇಬ್ಬರಿಗೂ. ಹಗ್ಗಗಳೆಲ್ಲ ತುಂಡಾದರೆ? ಆಗ ನಾರ್ಮಲ್ ಬಲ ಸೊನ್ನೆ ಅಂತ ಪುಸ್ತಕದಲ್ಲಿದೆ.

ಶಾಫ್ಟ್_ಒಳಗಿಂದ:
ಪುಸ್ತಕದಲ್ಲಿ ಸೊನ್ನೆ, ಸರಿ. ಆದರೆ ಶಾಫ್ಟ್‌ನಲ್ಲಿ ಅಷ್ಟು ದೂರ ಹೋಗಲು ಬಿಡುವುದಿಲ್ಲ. ವೇಗ ಮಿತಿ ಮೀರಿದರೆ ಗವರ್ನರ್ ಅನ್ನುವ ವೇಗ ಕಾಯುವ ಸಾಧನ ತನ್ನದೇ ಬೇರೆ ಹಗ್ಗವನ್ನು ಹಿಡಿಯುತ್ತದೆ, ಆ ಎಳೆತಕ್ಕೆ ಕಾರಿನ ಕೆಳಗಿನ ಸೇಫ್ಟಿ ಗೇರ್ ಗೈಡ್ ರೈಲನ್ನು (ಕಾರು ಜಾರುವ ಕಂಬಿಯನ್ನು) ಕಚ್ಚುತ್ತದೆ. ವೆಜ್ (ಬೆಣೆ) ಇರುವ ಗೇರ್‌ನಲ್ಲಿ ಕಾರು ಇಳಿಯಲು ನೋಡಿದಷ್ಟೂ ವೆಜ್ ಬಿಗಿಯುತ್ತದೆ.

ಇದರ ಹಳೆಯ ರೂಪ ಎಲಿಶಾ ಓಟಿಸ್‌ನದು. 1854ರಲ್ಲಿ ನ್ಯೂಯಾರ್ಕ್‌ನ ಕ್ರಿಸ್ಟಲ್ ಪ್ಯಾಲೇಸ್ ಪ್ರದರ್ಶನದಲ್ಲಿ ತಾನೇ ಲಿಫ್ಟ್ ಮೇಲೆ ನಿಂತು ಹಗ್ಗ ಕಡಿಸಿದ ಮನುಷ್ಯ. ಉಪಾಯ ಸರಳ. ಮೇಲೆ ಗಾಡಿಯ ಪಟ್ಟೆ ಸ್ಪ್ರಿಂಗ್, ಹಗ್ಗದ ಟೆನ್ಷನ್ ಅದನ್ನು ಬಗ್ಗಿಸಿ ಹಿಡಿದಿರುತ್ತದೆ. ಹಗ್ಗ ಹೋದರೆ ಟೆನ್ಷನ್ ಸೊನ್ನೆ, ಸ್ಪ್ರಿಂಗ್ ನೆಟ್ಟಗಾಗಿ ಕೊಕ್ಕೆಗಳನ್ನು ಪಕ್ಕದ ಹಲ್ಲುಗಳಿಗೆ ನೂಕುತ್ತದೆ.

ಈಗ ನಿಮಗೊಂದು ಲೆಕ್ಕ. ನಾನು ಕೊಟ್ಟ ಖಾಲಿ ಕಾರು, ಕೌಂಟರ್‌ವೇಟ್. ಪುಸ್ತಕದ ರಾಟೆ ಅಂತ ಇಟ್ಟುಕೊಳ್ಳಿ. ಬ್ರೇಕ್ ಬಿಟ್ಟರೆ ವೇಗೋತ್ಕರ್ಷ ಎಷ್ಟು, ಟೆನ್ಷನ್ ಎಷ್ಟು?

ಫಸ್ಟ್_ಪಿಯು_ಸೈನ್ಸ್:
ವ್ಯತ್ಯಾಸ 2720 ನ್ಯೂಟನ್, ಒಟ್ಟು 1872 ಕೆಜಿ. ವೇಗೋತ್ಕರ್ಷ ಸುಮಾರು 1.45 ಮೀ/ಸೆ². ಕಾರಿನ ಚಿತ್ರದಿಂದ ಟೆನ್ಷನ್ 9162 ನ್ಯೂಟನ್. ಕೌಂಟರ್‌ವೇಟ್ ಚಿತ್ರದಿಂದ ಮಾಡಿದರೂ 9162 ಬಂತು.

ಶಾಫ್ಟ್_ಒಳಗಿಂದ:
ಸರಿ ಇದೆ. ನಿಜವಾದ ಲಿಫ್ಟ್‌ನಲ್ಲಿ ಇಷ್ಟು ಬರುವುದಿಲ್ಲ, ಶೀವ್ ಮತ್ತು ಮೋಟರ್ ತಿರುಗಿಸುವುದಕ್ಕೂ ಬಲ ಬೇಕು. ಹಳೆಯ ಗೇರ್ ಮಷೀನ್ ಆದರೆ ಬ್ರೇಕ್ ಬಿಟ್ಟರೂ ಅಲುಗಾಡದೆ ನಿಂತುಬಿಡುವುದುಂಟು. ಆಗ ಕೈಚಕ್ರ ತಿರುಗಿಸಿ ಕಾರನ್ನು ಮಹಡಿಗೆ ತರುತ್ತೇವೆ.