ಸಹಾಯ ಬೇಕು: ಪೋಲೋ ಜಿಟಿ ಟಿಎಸ್‌ಐಗೆ ಸ್ಟೇಜ್ 1 ರೀಮ್ಯಾಪ್ (ಪಾರ್ಟ್ಸ್ ಬದಲಿಸದೆ ಎಂಜಿನ್ ಸಾಫ್ಟ್‌ವೇರ್ ಮಾತ್ರ ತಿದ್ದಿ ಪವರ್ ಏರಿಸೋದು), ದಿನಾ ಆಫೀಸಿಗೆ ಓಡಿಸೋಕೆ ಸರಿಹೋಗುತ್ತಾ?

ಕಾರು 1.2 ಟಿಎಸ್‌ಐ: 105 ಪಿಎಸ್, 175 ಎನ್‌ಎಂ, ಏಳು ಗೇರಿನ ಡಿಎಸ್‌ಜಿ (ಎರಡು ಕ್ಲಚ್ಚಿನ ಆಟೊಮ್ಯಾಟಿಕ್ ಗೇರ್‌ಬಾಕ್ಸ್). ಓಡಾಟ ಸಿಲ್ಕ್ ಬೋರ್ಡ್‌–ಮಾರತಹಳ್ಳಿ, ಅಂದ್ರೆ ಮುಕ್ಕಾಲು ಪಾಲು ಒಂದು-ಎರಡನೇ ಗೇರಲ್ಲೇ.

ಇದರಲ್ಲಿರೋ ಡಿಕ್ಯೂ200 ಗೇರ್‌ಬಾಕ್ಸಿನ ಟಾರ್ಕ್ (ತಿರುಗಿಸುವ ಬಲ) ಮಿತಿ 250 ಎನ್‌ಎಂ, ಹಾಗಾಗಿ ಲೆಕ್ಕದಲ್ಲಿ ಜಾಗ ಇದೆ. ಭಯ ಕ್ಲಚ್ಚಿನದು. ಅದು ಡ್ರೈ ಕ್ಲಚ್, ತಣ್ಣಗಾಗಿಸೋಕೆ ಆಯಿಲ್ ಇಲ್ಲ. ಟ್ರಾಫಿಕ್ಕಲ್ಲಿ ತೆವಳುವಾಗ ಪೂರ್ತಿ ಕಚ್ಚದೆ ಜಾರುತ್ತಾ ಬಿಸಿಯೇರುತ್ತೆ, ಆಮೇಲೆ ಹೊರಡುವಾಗೆಲ್ಲ ಅದುರು ಶುರು. ಕೆಳಗಿನ ಟಾರ್ಕ್ ಮುಟ್ಟದೆ 2,500 ಆರ್‌ಪಿಎಂ ಮೇಲಷ್ಟೇ ಏರಿಸುವ ಮ್ಯಾಪ್ ಯಾರಾದ್ರೂ ಹಾಕಿಸಿದ್ದೀರಾ?

ಕಾರನ್ನ ತಗ್ಗಿಸೋ ಲೋವರಿಂಗ್ ಸ್ಪ್ರಿಂಗ್ ಬೇಡವೇ ಬೇಡ, ನಮ್ಮ ಹಂಪುಗಳಿಗೆ ಈಗಲೇ ತಳ ತಾಗುತ್ತೆ. ಅದೇ ದುಡ್ಡಲ್ಲಿ ಒಳ್ಳೆ ಟೈರು, ಬ್ರೇಕ್ ಪ್ಯಾಡು, ಹೊಸ ಡಾಟ್ 4 ಬ್ರೇಕ್ ಆಯಿಲ್ ಹಾಕಿಸೋದೇ ವಾಸಿಯೇನೋ.

ರೀಮ್ಯಾಪ್ ಮಾಡಿಸಿದವರು ಕ್ಲಚ್ ಎಷ್ಟು ಕಿಲೋಮೀಟರಿಗೆ ಬದಲಾಯಿಸಿದ್ರಿ ಅಂತ ದಯವಿಟ್ಟು ತಿಳಿಸಿ. ಹೈವೇಲಿ ಮಾತ್ರ ಓಡಿಸೋರ ಲೆಕ್ಕ ಬೇರೆ, ಸಿಟಿಯವರದ್ದೇ ಬೇಕು.