ಒಂದೇ ಬಂಡೆ ಹಿಂದೆ ಎಷ್ಟು ಸಲ ಬಚ್ಚಿಟ್ಕೊಬೋದು? ಡಿ ಅಂಡ್ ಡಿ ಸ್ಟೆಲ್ತ್ ಜಗಳ

ಬೆಣ್ಣೆದೋಸೆ_ಡಿಎಂ:

ಎಲ್ರಿಗೂ ನಮಸ್ಕಾರ. ದಾವಣಗೆರೆಯವ್ರು ನಾವು, ಭಾನುವಾರ ಸಂಜೆ ಫ್ರೆಂಡ್ ಮನೆ ಮಹಡಿ ಮೇಲೆ ಸೇರಿ ಡಿ ಅಂಡ್ ಡಿ (ಡಂಜನ್ಸ್ ಅಂಡ್ ಡ್ರಾಗನ್ಸ್, ಒಬ್ಬೊಬ್ರು ಒಂದೊಂದು ಪಾತ್ರ ಆಗಿ ಡೈಸ್ ಉರುಳಿಸಿ ಆಡೋ ಕಥೆ ಆಟ) ಆಡ್ತೀವಿ, ಡಿಎಂ, ಅಂದ್ರೆ ಕಥೆ ನಡೆಸಿ ತೀರ್ಪು ಹೇಳೋನು, ನಾನು. ಈಗ ನಡೀತಿರೋ ಕಥೆ ದುರ್ಗದ ಕೋಟೆ ಥರದ್ದೇ ಒಂದು ಕೋಟೇಲಿ, ಎಲ್ಲಿ ನೋಡಿದ್ರೂ ಬಂಡೆ, ಬುರುಜು, ಬತೇರಿ, ಕಾವಲಿಗೆ ಮನುಷ್ಯರೂ ಇದಾರೆ, ಕುಳ್ಳ ರಾಕ್ಷಸರ ಥರದ ಗಾಬ್ಲಿನ್‌ಗಳೂ ಇದಾವೆ. ಗ್ರಾಫ್ ಶೀಟ್ ಮೇಲೆ ಬಂಡೆಗೆ ಅಂತ ಶೇಂಗಾ ಇಡ್ತೀವಿ, ಆಟ ಮುಗಿಯೋಷ್ಟೊತ್ತಿಗೆ ಅರ್ಧ ಕೋಟೆ ಯಾರ್ದೋ ಹೊಟ್ಟೇಲಿರುತ್ತೆ, ಅದು ಬೇರೆ ವಿಷ್ಯ.

ಜಗಳ ಏನಪ್ಪಾ ಅಂದ್ರೆ ನಮ್ ರೋಗ್, ಅಂದ್ರೆ ಕಳ್ಳನ ಥರದ ಪಾತ್ರ, ಲೆವೆಲ್ 5. ಪ್ರತಿ ಟರ್ನೂ ಬಂಡೆ ಹಿಂದಿಂದ ಎದ್ದು ಬಾಣ ಬಿಡ್ತಾನೆ, ಬಿಟ್ಟ ತಕ್ಷಣ, ಟರ್ನ್‌ಗೆ ಒಂದೇ ಸಿಗೋ ಚಿಕ್ಕ ಕೆಲಸ ಅಂದ್ರೆ ಬೋನಸ್ ಆಕ್ಷನ್‌ನಲ್ಲಿ ಮತ್ತೆ ಅದೇ ಬಂಡೆ ಹಿಂದೆ ಹೈಡ್ ಅಂತಾನೆ, ಮುಂದಿನ ಟರ್ನ್ ಮತ್ತೆ ಎದ್ದು ಅಡ್ವಾಂಟೇಜ್ (ಎರಡು ಸಲ ಉರುಳಿಸಿ ದೊಡ್ಡದು ಇಟ್ಕೊಳ್ಳೋದು) ತಗೊಂಡು ಸ್ನೀಕ್ ಅಟ್ಯಾಕ್, ಅಂದ್ರೆ ಕದ್ದು ಹೊಡೆಯೋ ಹೆಚ್ಚುವರಿ ಏಟು, 3ಡಿ6 (ಆರು ಮುಖದ ಮೂರು ಡೈಸ್) ಉರುಳಿಸ್ತಾನೆ. ಅಲ್ಲಲೇ ನೀನು ಅಲ್ಲೇ ಇದೀಯ ಅಂತ ಇಡೀ ಕೋಟೆಗೆ ಗೊತ್ತಾಗೈತೆ ಇನ್ನೇನ್ ಬಚ್ಚಿಟ್ಕೊಳ್ತೀಯ ಅಂದ್ರೆ "ರೂಲ್ ತೋರ್ಸು" ಅಂತಾನೆ. ಹೋದ್ವಾರ ಇನ್ನೊಂದು ತಂದ. 2024ರ ರೂಲ್ ಪುಸ್ತಕದಲ್ಲಿ ಹೈಡ್ ಆದ್ರೆ ಇನ್ವಿಸಿಬಲ್ (ಕಣ್ಣಿಗೆ ಕಾಣದ) ಕಂಡಿಷನ್ ಸಿಗುತ್ತಂತೆ, ಡಿಸಿ, ಅಂದ್ರೆ ರೋಲ್ ಮುಟ್ಟಬೇಕಾದ ನಂಬರ್, 15 ಬಂದ್ರೆ ಸಾಕಂತೆ, ಅದಕ್ಕೆ ಮಟಮಟ ಮಧ್ಯಾಹ್ನ ಕಾವಲುಗಾರನ ಮುಂದೇನೇ ಅಂಗಳ ದಾಟ್ಕೊಂಡು ಹೋಗ್ತೀನಿ ಅಂತಾನೆ. ಟೇಬಲ್‌ನಲ್ಲಿ ಅರ್ಧ ಜನ ಅವನ ಕಡೆ. ಇದರ ಮಧ್ಯೆ ಚೈನ್ ಮೇಲ್ (ಕಬ್ಬಿಣದ ಬಳೆ ಕವಚ) ಹಾಕ್ಕೊಂಡಿರೋ ಪ್ಯಾಲಡಿನ್, ಅಂದ್ರೆ ಧರ್ಮಯೋಧ, ಒಬ್ಬ, ಅವನು ಹೆಜ್ಜೆ ಇಟ್ರೆ ಊರಿಗೆಲ್ಲಾ ಕೇಳುತ್ತೆ, ಅವನೊಬ್ಬನ ರೋಲ್ ಕೆಟ್ರೆ ಎಲ್ರೂ ಸಿಕ್ಕಿಬೀಳಬೇಕಾ? ನೀವು ಹೆಂಗೆ ನಡೆಸ್ತೀರ ಹೇಳಿ.

ಕಳ್ಳಹೆಜ್ಜೆ:

ಮೊದ್ಲು ಯಾವ ಪುಸ್ತಕ ಅಂತ ಟೇಬಲ್‌ನಲ್ಲಿ ಒಂದು ಮಾತಿಗೆ ಬನ್ನಿ ಗುರು. ಅರ್ಧ 2014ರದ್ದು ಅರ್ಧ 2024ರದ್ದು ಬೆರೆಸಿದ್ರೆ ಆಡೋನು ಎರಡರಲ್ಲೂ ತನಗೆ ಲಾಭ ಇರೋದನ್ನೇ ಆರಿಸ್ಕೊಳ್ತಾನೆ, ನಿಮ್ ಹುಡುಗ ಮಾಡ್ತಿರೋದು ಅದೇ.

2014ರದ್ದರಲ್ಲಿ ಹೈಡ್‌ಗೆ ಅಂತ ಫಿಕ್ಸ್ ನಂಬರ್ ಇಲ್ಲ, ನೀನು ಸ್ಟೆಲ್ತ್ (ಸದ್ದಿಲ್ದೆ ಅವಿತ್ಕೊಳ್ಳೋ ಕೌಶಲ) ರೋಲ್ ಮಾಡ್ತೀಯ, ಎದುರಿನವ್ನು ಸುಮ್ನೆ ನಿಂತಿದ್ರೆ ಅವನ ಪ್ಯಾಸಿವ್ ಪರ್ಸೆಪ್ಶನ್ (ಹುಡುಕ್ದೆ ಇದ್ರೂ ಗಮನಿಸೋ ನಂಬರ್), ಹುಡುಕ್ತಾ ಇದ್ರೆ ಅವನ ರೋಲ್. ನಿನ್ನನ್ನ ಸರಿಯಾಗಿ ನೋಡ್ತಾ ಇರೋನಿಂದ ಬಚ್ಚಿಟ್ಕೊಳ್ಳೋಕೆ ಆಗಲ್ಲ, ಮತ್ತೆ ಬಚ್ಚಿಟ್ಕೊಳ್ಳೋಕೆ ತಕ್ಕ ಸಂದರ್ಭ ಹೌದೋ ಅಲ್ವೋ ಅಂತ ಹೇಳೋನು ಡಿಎಂ, ಇದು ಎರಡೂ ಪುಸ್ತಕದಲ್ಲಿ ಬರೆದೇ ಐತೆ, ಆಡೋರು ಆ ಸಾಲಿನ ಮೇಲೆ ಮಾತ್ರ ಕಣ್ಣಾಡಿಸಲ್ಲ. 2024ರದ್ದರಲ್ಲಿ ನೀನು ದಟ್ಟ ಕತ್ತಲು ಹೊಗೆ ಥರದ್ದರಲ್ಲಿ ಇರಬೇಕು, ಇಲ್ಲಾಂದ್ರೆ ಮುಕ್ಕಾಲು ಭಾಗ ಅಥವಾ ಪೂರ್ತಿ ಮರೆ ಇರಬೇಕು, ಜೊತೆಗೆ ಯಾವ ಶತ್ರುವಿನ ನೋಟಕ್ಕೂ ಬೀಳಬಾರ್ದು, ಆಮೇಲೆ ಡಿಸಿ 15. ಪಾಸಾದ್ರೆ ಬಂದಿರೋ ಟೋಟಲ್ ಬರ್ಕೊಬೇಕು, ನಿನ್ನ ಹುಡುಕೋರಿಗೆ ಅದೇ ಡಿಸಿ.

ಈಗ ಮಧ್ಯಾಹ್ನದ ಅಂಗಳಕ್ಕೆ ಬರೋಣ. ಆ ಇನ್ವಿಸಿಬಲ್ ಇರೋದು ಬಚ್ಚಿಟ್ಕೊಂಡಿರೋ ತನಕ ಅಷ್ಟೇ. ಪಿಸುಮಾತಿಗಿಂತ ಜೋರಾಗಿ ಸದ್ದು ಮಾಡಿದ್ರೆ, ಅಟ್ಯಾಕ್ ರೋಲ್ ಮಾಡಿದ್ರೆ, ಬಾಯಿಬಿಟ್ಟು ಹೇಳೋ ಮಂತ್ರ ಹಾಕಿದ್ರೆ, ಇಲ್ಲಾ ಶತ್ರು ನಿನ್ನ ಕಂಡುಹಿಡಿದ್ರೆ ಮುಗೀತು. ಕಂಡುಹಿಡಿಯೋಕೆ ಸರ್ಚ್ ಆಕ್ಷನ್ನೇ ತಗೊಬೇಕು ಅಂತ ಎಲ್ಲೂ ಹೇಳಿಲ್ಲ. ಬಿಸಿಲಲ್ಲಿ ಅಡ್ಡ ಏನೂ ಇಲ್ದೆ ಎದುರಿಗೆ ನಡ್ಕೊಂಡು ಬರೋನು ಕಾವಲುಗಾರನ ಕಣ್ಣಿಗೆ ಬಿದ್ದ, ಅದೇ ಕಂಡುಹಿಡಿದ ಹಾಗೆ. ಪುಸ್ತಕದವ್ರು ಇದನ್ನ ಇನ್ನೂ ಬಿಡಿಸಿ ಬರೀಬೇಕಿತ್ತು, ಅಲ್ಲಿ ತಕರಾರು ಮಾಡೋರನ್ನ ಬೈಯ್ಯೋಕಾಗಲ್ಲ, ಆದ್ರೆ ಮರೆ ಬಿಟ್ಟು ಬಂದ್ಮೇಲೂ ಮಾಯ ಅನ್ನೋ ಅರ್ಥ ತಗೊಂಡ್ರೆ ಆಟ ಕೆಡುತ್ತೆ. ಅದೇ ಕಾವಲುಗಾರ ಬೆನ್ನು ತಿರುಗಿಸಿ ಬೀಡಿ ಹಚ್ಚೋ ಹೊತ್ತಿಗೆ ಕಂಬದಿಂದ ಕಂಬಕ್ಕೆ ಓಡಿದ್ರೆ ನಾನಂತೂ ಬಿಡ್ತೀನಿ, ಪಾಪ ಅಷ್ಟು ಸ್ಟೆಲ್ತ್ ಮಾಡ್ಕೊಂಡಿರೋದು ಅದಕ್ಕೇ ಅಲ್ವಾ.

ಇನ್ನೊಂದು ಲೆಕ್ಕ ನೋಡಿ, 2014ರ ರೂಲ್ ಪ್ರಕಾರ. ಲೆವೆಲ್ 5 ರೋಗ್, ಡೆಕ್ಸ್ (ಚುರುಕುತನ) 18, ಸ್ಟೆಲ್ತ್‌ನಲ್ಲಿ ಎಕ್ಸ್‌ಪರ್ಟೀಸ್ (ದುಪ್ಪಟ್ಟು ಪರಿಣತಿ) ಅಂದ್ರೆ ರೋಲ್‌ಗೆ +10. ಕಾವಲುಗಾರನ ಪ್ಯಾಸಿವ್ 12, ಗಾಬ್ಲಿನ್‌ದು 9. ಡಿ20ಲಿ (ಇಪ್ಪತ್ತು ಮುಖದ ಡೈಸ್) 1 ಬಿದ್ರೆ ಮಾತ್ರ ಕಾವಲುಗಾರನ ಕೈಗೆ ಸಿಗ್ತಾನೆ, ಗಾಬ್ಲಿನ್‌ಗೆ ಅದೂ ಇಲ್ಲ. ಡೈಸ್ ಇವನನ್ನ ತಡೆಯಲ್ಲ, ತಡೆಯೋದಿದ್ರೆ ಜಾಗಾನೇ ತಡೀಬೇಕು. ಅದಕ್ಕೆ ರೋಲ್‌ಗಿಂತ ಮುಂಚೆ ಕೇಳ್ಬೇಕಾಗಿರೋದು ಯಾರಿಂದ ಬಚ್ಚಿಟ್ಕೊಳ್ತಿದೀಯ, ಅವನಿಗೂ ನಿನಗೂ ಮಧ್ಯೆ ಏನೈತೆ. ಬುರುಜಿನ ಮೇಲಿರೋನಿಗೆ ಕಾಣ್ತಾ ಇದ್ದು ಕೆಳಗಿರೋನಿಗೆ ಕಾಣ್ದೆ ಇರ್ಬೋದು. ಒಂದು ದಾರ ಇಟ್ಕೊಳ್ಳಿ, ಕಾವಲುಗಾರನ ಕಾಯಿಂದ ರೋಗ್ ಕಾಯಿಗೆ ಎಳೀರಿ, ಶೇಂಗಾ ಅಡ್ಡ ಬಂದ್ರೆ ರೋಲ್, ಬರ್ಲಿಲ್ಲ ಅಂದ್ರೆ ಇಲ್ಲ. ಅರ್ಧ ಜಗಳ ಅಲ್ಲೇ ಮುಗಿಯುತ್ತೆ.

ಜೋಗಿಮಟ್ಟಿ_ಗಾಳಿ:

ದುರ್ಗದ ಕೋಟೆ ಥರ ಅಂತೀರ, ಹಂಗಿದ್ರೆ ಅಲ್ಲಿನ ದಾರೀನೇ ಮ್ಯಾಪ್‌ಗೆ ತನ್ನಿ ಅಣ್ಣ. ಒಂದು ಬಾಗ್ಲು ದಾಟಿದ್ಮೇಲೆ ದಾರಿ ತಿರುಗುತ್ತೆ, ಮುಂದಿನ ಬಾಗ್ಲು ನೇರಕ್ಕೆ ಕಾಣಲ್ಲ, ಎರಡೂ ಕಡೆ ಎತ್ತರದ ಗೋಡೆ, ಮೇಲೆ ನಿಂತಿರೋನಿಗೆ ಕೆಳಗೆ ಬರೋರು ಕಾಣ್ತಾರೆ ಕೆಳಗಿನವ್ರಿಗೆ ಮೇಲಿರೋನು ಕಾಣಲ್ಲ. ಏಳು ಸುತ್ತಿನ ಕೋಟೆ ಕಟ್ಟಿದವ್ರಿಗೆ ಈ ನೋಟದ ಲೆಕ್ಕ ನಮಗಿಂತ ಚೆನ್ನಾಗಿ ಗೊತ್ತಿತ್ತು. ಖಾಲಿ ಅಂಗಳ ಬಿಡಿಸಿ ಮಧ್ಯೆ ನಾಕು ಶೇಂಗಾ ಇಟ್ರೆ ರೋಗ್‌ಗೆ ಅದೇ ಬಂಡೆ ಬಿಟ್ರೆ ಬೇರೆ ಗತಿ ಇಲ್ಲ, ಅವನು ತಾನೇ ಎಲ್ಲಿಗೆ ಹೋಗ್ಬೇಕು ಹೇಳಿ.

ಓಬವ್ವನ ಕಿಂಡಿ ಕಥೆ ನಮಗೆಲ್ಲಾ ಬಾಯಿಪಾಠ, ಹೈದರಾಲಿ ಸೈನಿಕರು ಒಬ್ಬೊಬ್ರಾಗಿ ತೆವಳ್ಕೊಂಡು ಬಂದ್ರು ಒನಕೆ ಏಟು ತಿಂದ್ರು ಅಂತ. ಆ ಕಥೇನ ಈ ರೂಲ್ಸ್‌ನಲ್ಲಿ ಇಟ್ಟು ನೋಡಿ, ಕದ್ದು ಬರ್ತಿರೋರು ಸೈನಿಕರು, ಆದ್ರೆ ಆ ಕ್ಷಣಕ್ಕೆ ಬಚ್ಚಿಟ್ಕೊಂಡಿರೋಳು ಓಬವ್ವ. ಕಿಂಡಿ ಒಳಗೆ ತೆವಳೋನಿಗೆ ಆಚೆ ಪಕ್ಕದಲ್ಲಿ ನಿಂತಿರೋಳು ಪೂರ್ತಿ ಮರೆ. ತಲೆ ಹೊರಗೆ ಬಂದ ಮೇಲೇ ಅವನಿಗೆ ನೋಡೋ ಅವಕಾಶ, ಅಷ್ಟೊತ್ತಿಗೆ ಮುಗೀತು. ಸತ್ತೋನನ್ನ ಪಕ್ಕಕ್ಕೆ ಎಳೆದು ಹಾಕಿದ್ರಿಂದ ಹಿಂದಿನೋನಿಗೆ ಸುಳಿವೂ ಸಿಗ್ಲಿಲ್ಲ, ಅಂದ್ರೆ ಒಂದು ಏಟು ಹೊಡೆದ್ರೂ ಅವಳಿರೋ ಜಾಗ ಉಳಿದವ್ರಿಗೆ ಬಯಲಾಗ್ಲಿಲ್ಲ. ನಿಮ್ ರೋಗ್ ಕೇಸ್ ಉಲ್ಟಾ. ಅಂಗಳದಲ್ಲಿ ಎಲ್ರೂ ನೋಡ್ತಿರೋವಾಗ ಬಾಣ ಬಂದ ದಿಕ್ಕು ಎಲ್ರಿಗೂ ಗೊತ್ತು.

ಪ್ಯಾಲಡಿನ್ ವಿಷ್ಯಕ್ಕೆ ಬಂದ್ರೆ ಗ್ರೂಪ್ ಚೆಕ್ ಮಾಡ್ಸಿ, ಎಲ್ರೂ ರೋಲ್ ಮಾಡ್ಲಿ, ಅರ್ಧ ಜನ ಪಾಸಾದ್ರೆ ಗುಂಪು ಪಾಸು. ಚೈನ್ ಮೇಲ್‌ಗೆ ಡಿಸ್‌ಅಡ್ವಾಂಟೇಜ್ (ಎರಡು ಸಲ ಉರುಳಿಸಿ ಚಿಕ್ಕದು ಇಟ್ಕೊಳ್ಳೋದು) ಇದ್ದೇ ಇರುತ್ತೆ, ಇರ್ಲಿ. ರೇಂಜರ್ರೋ ಡ್ರೂಯಿಡ್ಡೋ (ಕಾಡಿನ ಮಂತ್ರ ಬಲ್ಲ ಪಾತ್ರಗಳು) ಇದ್ರೆ ಪಾಸ್ ವಿದೌಟ್ ಟ್ರೇಸ್ ಮಂತ್ರ ಹಾಕ್ಸಿ, ಎಲ್ರಿಗೂ ಸ್ಟೆಲ್ತ್‌ಗೆ +10.

ಇಪ್ಪತ್ತು_ಮುಖ:

ಪಾತ್‌ಫೈಂಡರ್ ಎರಡನೇ ಎಡಿಷನ್‌ಗೆ (ಇದೇ ಥರದ ಇನ್ನೊಂದು ಆಟ) ಬನ್ರಪ್ಪಾ ಅಂತ ಎಷ್ಟು ಸಲ ಹೇಳೋದು, ಸರಿ ಬರಲ್ಲ ಅಂದ್ರೆ ಅಲ್ಲಿಂದ ಒಂದು ಐಡಿಯಾ ಆದ್ರೂ ತಗೊಳ್ಳಿ. ಅಲ್ಲಿ ನಾಕು ಹಂತ ಐತೆ. ಎದುರಿಗೇ ಕಾಣ್ತಿದಾನೆ, ಅಬ್ಸರ್ವ್ಡ್. ಎಲ್ಲಿದಾನೆ ಗೊತ್ತು ಆದ್ರೆ ಕಾಣಲ್ಲ, ಹಿಡನ್. ಯಾರೋ ಇದಾರೆ ಆದ್ರೆ ಎಲ್ಲಿ ಗೊತ್ತಿಲ್ಲ, ಅನ್‌ಡಿಟೆಕ್ಟೆಡ್. ಯಾರಾದ್ರೂ ಇದಾರೆ ಅನ್ನೋದೇ ಗೊತ್ತಿಲ್ಲ, ಅನ್‌ನೋಟಿಸ್ಡ್. ನಿಮ್ ಬಂಡೆ ಜಗಳ ಪೂರ್ತಿ ಎರಡನೇದಕ್ಕೂ ಮೂರನೇದಕ್ಕೂ ಇರೋ ವ್ಯತ್ಯಾಸ. ಅಲ್ಲಿ ಹಿಡನ್ ಇರೋನನ್ನ ಹೊಡೀಬೋದು, ಮೊದ್ಲು ಡಿಸಿ 11 ಫ್ಲ್ಯಾಟ್ ಚೆಕ್ (ಏನೂ ಸೇರಿಸದ ಬರೀ ಡೈಸ್) ದಾಟ್ಬೇಕು ಅಷ್ಟೇ. ಇನ್ನೊಂದು, ಹೈಡ್ ಆಗೋ ರೋಲ್ ಅಲ್ಲಿ ಜಿಎಂ (ಅಲ್ಲಿನ ಡಿಎಂ) ಗುಟ್ಟಾಗಿ ಮಾಡ್ತಾರೆ. ಆಡೋನಿಗೆ ತನ್ನ ನಂಬರ್ ಗೊತ್ತಿರಲ್ಲ, ಅದಕ್ಕೆ ಧೈರ್ಯಾನೂ ಅಳತೇಲಿರುತ್ತೆ. 1981ರ ಬೇಸಿಕ್ ಡಿ ಅಂಡ್ ಡಿಲಿ ಲೆವೆಲ್ 1 ಕಳ್ಳನಿಗೆ ನೆರಳಲ್ಲಿ ಬಚ್ಚಿಟ್ಕೊಳ್ಳೋಕೆ ಬರೀ 10 ಪರ್ಸೆಂಟ್ ಚಾನ್ಸ್, ಸದ್ದಿಲ್ದೆ ನಡೆಯೋಕೆ ಬೇರೆ ರೋಲ್, ಅದು 20. ಈಗಿನೋರು ಪುಣ್ಯವಂತರು.

ಬಂಡೆ_ಹಿಂದಿನವ:

ಆ ರೋಗ್ ನಾನೇ. ನನ್ ಬಗ್ಗೆ ಇಷ್ಟೊಂದು ಚರ್ಚೆ ಆಗ್ತಿದೆ ಅಂತ ಈಗ ಲಿಂಕ್ ಬಂತು, ಡಿಎಂ ಸಾಹೇಬ್ರೇ ಚೆನ್ನಾಗಿದೆ.

ನನ್ನ ಪ್ರಶ್ನೆ ಒಂದೇ. ರೋಗ್‌ಗೆ ಎರಡನೇ ಅಟ್ಯಾಕ್ ಇಲ್ಲ, ಫೈಟರ್ ಲೆವೆಲ್ 5ಕ್ಕೆ ಎರಡು ಸಲ ಬೀಸ್ತಾನೆ, ನನಗಿರೋದು ಸ್ನೀಕ್ ಅಟ್ಯಾಕ್ ಒಂದೇ. ಅದನ್ನ ಪ್ರತಿ ಟರ್ನೂ ಹಾಕ್ಲಿ ಅಂತಾನೇ ಕ್ಲಾಸ್ ಬರ್ದಿರೋದು, ಅದಕ್ಕೇ ಶತ್ರು ಪಕ್ಕ 5 ಅಡಿಲಿ ನಮ್ಮೋರು ಯಾರಾದ್ರೂ ನಿಂತಿದ್ರೂ ಸಿಗುತ್ತೆ, 2024ರದ್ದರಲ್ಲಿ ಸ್ಟೆಡಿ ಏಮ್ ಅಂತ ಬೇರೆ ಐತೆ, ಆ ಟರ್ನ್ ಜರುಗ್ದೆ ಬೋನಸ್ ಆಕ್ಷನ್ ಕೊಟ್ರೆ ಅಡ್ವಾಂಟೇಜ್ ಬಂತು, ಬಚ್ಚಿಟ್ಕೊಳ್ಳೋದೇ ಬೇಡ. ಹಂಗಿದ್ಮೇಲೆ ಬಂಡೆ ಹಿಂದೆ ಕೂತು ಕಷ್ಟಪಟ್ಟು ತಗೊಂಡ್ರೆ ಮಾತ್ರ ಮೋಸಾನಾ? ಕಣ್ಣಾಮುಚ್ಚಾಲೇಲೂ ಒಂದೇ ಬಾಗ್ಲ ಹಿಂದೆ ಎರಡು ಸಲ ಅವಿತ್ಕೊಂಡ್ರೆ ಯಾರೂ ಔಟ್ ಅನ್ನಲ್ಲ.

ಕಳ್ಳಹೆಜ್ಜೆ:

ಮೋಸ ಅಂತ ನಾನೆಲ್ಲಿ ಹೇಳ್ದೆ ಬ್ರದರ್. ನಿನ್ ಮಾತಲ್ಲಿ ಸತ್ಯ ಐತೆ, ಡಿಎಂ ಆದೋರು ರೋಗ್‌ನ ಸ್ನೀಕ್ ಅಟ್ಯಾಕ್ ಕಿತ್ಕೊಂಡ್ರೆ ಅವನು ಟೇಬಲ್‌ನಲ್ಲಿ ಕೂತು ಮೊಬೈಲ್ ನೋಡ್ಬೇಕಷ್ಟೇ. ಬಂಡೆ ಹಿಂದೆ ಮತ್ತೆ ಹೈಡ್ ಮಾಡೋದನ್ನ ರೂಲ್ ತಡೆಯಲ್ಲ, ಪೂರ್ತಿ ಮರೆ ಇದ್ರೆ ಯಾರಿಗೂ ಕಾಣಲ್ಲ, ರೋಲ್ ಮಾಡು. ಆದ್ರೆ ಕಾಣ್ದೆ ಇರೋದು ಬೇರೆ, ಎಲ್ಲಿದೀಯ ಅಂತ ಗೊತ್ತಿಲ್ದೆ ಇರೋದು ಬೇರೆ. ಅವರು ಹುಡುಕೋದೂ ಬೇಡ, ಆಚೆ ಪಕ್ಕದಿಂದ ಸುತ್ತಿ ಬಂದ್ರೆ ನಿನ್ನ ಮರೆನೇ ಹೋಯ್ತು, ಸ್ಟೆಲ್ತ್ 25 ಬಂದಿದ್ರೂ ಅಷ್ಟೇ. ಇಲ್ಲಾ ಒಬ್ಬ ಬಿಲ್ಲು ಹೂಡಿಟ್ಕೊಂಡು ಅಲ್ಲಿ ತಲೆ ಎತ್ತಿದ್ರೆ ಬಿಡ್ತೀನಿ ಅಂತ ರೆಡಿ ಆಕ್ಷನ್ ಇಡ್ತಾನೆ. ಮೂರನೇ ಸಲಾನೂ ಅದೇ ಬಂಡೆ ಅಂದ್ರೆ ನಾನು ಡಿಎಂ ಆಗಿದ್ರೆ ಸ್ಟೆಲ್ತ್‌ಗೆ ಡಿಸ್‌ಅಡ್ವಾಂಟೇಜ್ ಕೊಡ್ತೀನಿ, ಬಂಡೆ ಬದಲಾಯಿಸಿದ್ರೆ ಅದಿಲ್ಲ. ಅದೂ ಅಲ್ದೆ ಶತ್ರು ನಿನ್ನ ಹುಡುಕ್ಲಿ ಅಂತಾನೇ ನೀನು ಆಸೆ ಪಡ್ಬೇಕು. ಸರ್ಚ್ ಮಾಡೋನ ಆಕ್ಷನ್ ಹೋಯ್ತು, ಅಷ್ಟೊತ್ತು ನಿಮ್ ಪ್ಯಾಲಡಿನ್ ತಲೆ ಉಳೀತು.

ರಾತ್ರಿ ಹೊತ್ತು ಹೋಗಿ, ಇನ್ನೂ ಸಲೀಸು. ಪಂಜಿನ ಬೆಳಕು 20 ಅಡಿ, ಆಮೇಲೆ ಇನ್ನೊಂದು 20 ಅಡಿ ಮಬ್ಬು, ಅದರಾಚೆ ಮನುಷ್ಯ ಕಾವಲುಗಾರನಿಗೆ ಏನೂ ಕಾಣಲ್ಲ. ಮಬ್ಬಲ್ಲಿ ಅವನ ಪ್ಯಾಸಿವ್ 12 ಹೋಗಿ 7 ಆಗುತ್ತೆ. ಗಾಬ್ಲಿನ್‌ಗೆ ಡಾರ್ಕ್‌ವಿಷನ್ (ಕತ್ತಲಲ್ಲೂ ನೋಡೋ ಶಕ್ತಿ) 60 ಅಡಿ ಐತೆ, ಆದ್ರೆ ಕತ್ತಲು ಅದಕ್ಕೂ ಮಬ್ಬೇ, ಅದರ 9 ಇಳಿದು 4. ಇದನ್ನ ಬಹಳ ಡಿಎಂಗಳು ಮರೀತಾರೆ, ಡಾರ್ಕ್‌ವಿಷನ್ ಅಂದ್ರೆ ಹಗಲು ಅನ್ಕೊಂಡ್ಬಿಡ್ತಾರೆ.

ಬೆಣ್ಣೆದೋಸೆ_ಡಿಎಂ:

ಆಯ್ತು, ಇಷ್ಟು ಮಾಡ್ತೀವಿ. ಪುಸ್ತಕ 2024ರದ್ದೇ ಇರ್ಲಿ. ರೋಲ್‌ಗೆ ಮುಂಚೆ ದಾರ. ಬಯಲಿಗೆ ಬಂದು ಒಬ್ಬನ ನೋಟಕ್ಕೆ ಬಿದ್ರೆ ಹೈಡ್ ಹೋಯ್ತು. ಒಂದೇ ಬಂಡೆ ಮೂರನೇ ಸಲಕ್ಕೆ ಡಿಸ್‌ಅಡ್ವಾಂಟೇಜ್. ಮ್ಯಾಪ್‌ಗೆ ತಿರುವು, ಕಂಬ, ಗೋಡೆ ಜಾಸ್ತಿ ಹಾಕ್ತೀನಿ, ಅದು ನನ್ ಕಡೆಯಿಂದ. ಗುಟ್ಟಿನ ರೋಲ್ ಬೇಡ, ನಮ್ಮೋರು ಡೈಸ್ ಕೈಗೆ ಕೊಡ್ಲಿಲ್ಲ ಅಂದ್ರೆ ಎದ್ದು ಹೋಗ್ತಾರೆ.

ಬಂಡೆ_ಹಿಂದಿನವ:

ಒಪ್ಪಿದೆ. ಗಾಬ್ಲಿನ್‌ಗೂ ಇದೇ ರೂಲ್ ತಾನೆ?

ಬೆಣ್ಣೆದೋಸೆ_ಡಿಎಂ:

ಹ್ಞೂಂ ಕಣೋ, ಅವಕ್ಕೂ ಬೋನಸ್ ಆಕ್ಷನ್‌ನಲ್ಲಿ ಹೈಡ್ ಐತೆ, ಸ್ಟೆಲ್ತ್ +6. ನಿಮ್ಮೆಲ್ಲರ ಪ್ಯಾಸಿವ್ ಪರ್ಸೆಪ್ಶನ್ ನಂಬರ್ ಶನಿವಾರದೊಳಗೆ ಗ್ರೂಪ್‌ನಲ್ಲಿ ಹಾಕಿ.